ಆ ರಾತ್ರಿ ಚಂದ್ರನಿರಲಿಲ್ಲ

ಕೂತುಕೊಳ್ಳಿ ಸ್ವಾಮಿ, ಹುಷಾರು, ಆ ಕುರ್ಚಿಗೆ ಒಂದು ಕಾಲು ಕುಂಟು.
ಕೋಪನ್‌ಹೇಗನ್ನಿನಿಂದ ಇಷ್ಟು ದೂರ,
ಜಟ್ಲೆಂಡಿನ ಈ ಪಡುವಣ ದಂಡೆಗೆ, ಮರಳು ಹಾರುವ ಊರಿಗೆ
ಒಂದು ಮಸಿಚುಕ್ಕೆಯ ವಿಚಾರ ಕೇಳಲು ಬಂದಿದ್ದೀರಿ.
ಕೇಳಿ. ಯೆಪ್ಪೆ ಲುಂಡೋರ್ಫನಿಗೆ
ಹನ್ನೊಂದು ವರ್ಷ ಬಣ್ಣ ಅರೆದವಳು ನಾನೇ, ಅಬೆಲೋನೆ.

ಅವನು ಒಳನಾಡಿನವ. ದೋಣಿ ಹತ್ತಿದರೆ ವಾಂತಿ.
ಸಮುದ್ರ ಬರೆದದ್ದೆಲ್ಲ ಕಿಟಕಿಯ ಈಚೆಯಿಂದ,
ಕಾಲಿಗೆ ಕುರಿಯುಣ್ಣೆ ಸುತ್ತಿಕೊಂಡು.
ಆದರೂ ಕೈ ಇತ್ತು ಅವನಿಗೆ, ಸುಳ್ಳು ಹೇಳಬಾರದು.
ಅಲೆ ಮುರಿಯುವ ಮುಂಚೆ ಅದರ ಕತ್ತಿನೊಳಗೆ
ಒಂದು ಹಸಿರು ಹೊಳೆದು ಸಾಯುತ್ತದಲ್ಲ,
ಹುಟ್ಟಿದಂದಿನಿಂದ ನಾವು ನೋಡಿಯೂ ನೋಡದ್ದು,
ಅದನ್ನು ಅವನು ಹಿಡಿದ.
ಆ ಹಸಿರಿಗಾಗಿ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು:
ಅಗಸೆ ಎಣ್ಣೆ, ಸೀಸದ ಬಿಳಿ, ಕಲ್ಲ ಮೇಲೆ ಕಲ್ಲು.
ಇವತ್ತಿಗೂ ನನ್ನ ಉಗುರಿನ ಬುಡ ನೋಡಿ.

ಮೂವತ್ತೇಳರ ನವೆಂಬರು.
ಪೋರ್ಚುಗಲ್ಲಿನಿಂದ ಉಪ್ಪು ಹೊತ್ತು ಬಂದ ಹಡಗು
ನಮ್ಮ ಮರಳುದಿಬ್ಬಕ್ಕೆ ಬಡಿಯಿತು.
ಮೀನಿನ ದೋಣಿಯಲ್ಲೇ ಹೋದರು ನಮ್ಮ ಗಂಡಸರು,
ಹೋದವರು ಎಂಟು, ಬಂದವರು ಐದು.
ಬೊಡಿಲ್‌ಳ ಗಂಡ ಐಲರ್ ಬರಲಿಲ್ಲ.
ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ.
ಐಲರ್ ಯಾರ ಉಪ್ಪು ತಿಂದಿದ್ದ?
ಎಲ್ಲ ನೀರನ್ನೂ ಅವನೇ ಕುಡಿದ.

ಯೆಪ್ಪೆ ಎರಡು ವರ್ಷ ಬರೆದ ಅದನ್ನು,
ಬಾಗಿಲಿನಷ್ಟು ಎತ್ತರದ ಕ್ಯಾನ್ವಾಸಿನ ಮೇಲೆ.
ಮುರಿದ ಕೂವೆಮರ, ಬಾಯಿ ಬಿಟ್ಟ ಅಲೆ, ಎಳ್ಳಿನಷ್ಟು ಚಿಕ್ಕ ಮನುಷ್ಯರು,
ಮೇಲೆ ಮೋಡ ಹರಿದುಕೊಂಡು ಚಂದ್ರ.
ಏನು ಚಂದ್ರ ಅಂತೀರಿ!
ಕೋಣೆಯಲ್ಲಿ ದೀಪ ಆರಿಸಿದರೂ ಇರುತ್ತಾನೆ ಅನಿಸುವ ಚಂದ್ರ.

ಒಂದು ದಿನ ಬೊಡಿಲ್ ಹಿತ್ತಲ ಬಾಗಿಲಿಂದ ಬಂದಳು,
ಬುಟ್ಟಿಯಲ್ಲಿ ಒಣಮೀನು.
ಚಿತ್ರದ ಮುಂದೆ ನಿಂತಳು. ನಾನು ಅರೆಯುವುದು ನಿಲ್ಲಿಸಿದೆ.
ಬಹಳ ಹೊತ್ತಾದ ಮೇಲೆ ಹುಟ್ಟು ತೋರಿಸಿ,
‘ಹೀಗೆ ಹಿಡಿದರೆ ಮಣಿಕಟ್ಟು ಮುರಿಯುತ್ತದೆ’ ಅಂದಳು.
ಆಮೇಲೆ, ‘ಆ ರಾತ್ರಿ ಚಂದ್ರನಿರಲಿಲ್ಲ.’

ಯೆಪ್ಪೆ ನಕ್ಕ, ಮೆಲ್ಲಗೆ, ದೊಡ್ಡವರು ಮಕ್ಕಳಿಗೆ ನಗುವಂತೆ.
‘ಚಂದ್ರನಿಲ್ಲದಿದ್ದರೆ ನೋಡುವವರಿಗೆ ಏನು ಕಾಣುತ್ತದೆ, ಬೊಡಿಲ್?’

‘ನನಗೆ ಏನು ಕಂಡಿತೋ ಅದು.’

ಅತ್ತಳೇ? ಇಲ್ಲ.
ಮೀನಿನ ಕಾಸು ಎಣಿಸಿದಳು, ಒಂದು ಸ್ಕಿಲಿಂಗ್ ಕಡಿಮೆ ಅಂದಳು,
ಇಸಿದುಕೊಂಡು ಹೋದಳು.

ಮೂರು ದಿನ ಅವನು ಕುಂಚ ಮುಟ್ಟಲಿಲ್ಲ.
ನಾಲ್ಕನೆಯ ದಿನ ಎಲುಬು ಸುಟ್ಟ ಕಪ್ಪು ಕೇಳಿದ,
ಯಾವತ್ತೂ ಕೇಳಿರದಷ್ಟು.
ಸಂಜೆಯವರೆಗೆ ಅರೆದೆ. ಅವನು ಬಳಿದ.
ಮೊದಲು ಚಂದ್ರ ಹೋದ, ಆಮೇಲೆ ಮೋಡ, ಹಡಗು, ಹುಟ್ಟು,
ಕಡೆಗೆ ನನ್ನ ಹಸಿರು.
ಆ ರಾತ್ರಿ ನಾನು ಆ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ.
ಏನೂ ಕಾಣದ ಆ ಬಾಗಿಲಿನಷ್ಟು ಎತ್ತರದಲ್ಲಿ
ಮೊದಲ ಸಲ ನನಗೆ ನೀರಿನ ಸದ್ದು ಕೇಳಿಸಿತು.

ಬೆಳಗ್ಗೆ ಟರ್ಪೆಂಟೈನು ತಂದು ಅವನೇ ಒರೆಸಿದ.
ನಿಮ್ಮೂರಿನ ಸಕ್ಕರೆ ಸಾಹುಕಾರನ ಮುಂಗಡ ತಿಂದಾಗಿತ್ತು,
ಅವನಿಗೆ ಬೆಳದಿಂಗಳೇ ಬೇಕಿತ್ತು.
ಹಸಿ ಬಣ್ಣ, ಸುಲಭಕ್ಕೆ ಬಂತು.
ಚಂದ್ರನನ್ನು ತಾನು ತೊಳೆದ, ದಂಡೆಯ ಕಡೆ ನನಗೆ ಬಿಟ್ಟ.
ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ,
ನನ್ನತ್ತ ತಿರುಗಲಿಲ್ಲ.

ನೀವು ಹೇಳುವ ಆ ಎಡಮೂಲೆಯ ಕಪ್ಪು,
ಬಂಡೆಯೋ ಹೆಂಗಸೋ ಎಂದು ನಿಮ್ಮ ಪಂಡಿತರು ಜಗಳಾಡುವುದು,
ಅದು ಯೆಪ್ಪೆ ಬರೆದದ್ದಲ್ಲ.
ನನ್ನ ಹೆಬ್ಬೆರಳು.
ಒರೆಸುತ್ತ ಒರೆಸುತ್ತ ಅಷ್ಟನ್ನು ಬಿಟ್ಟೆ.
ಯಾಕೆ ಅಂತ ಕೇಳಬೇಡಿ, ಕೈ ನಿಂತಿತು, ಅಷ್ಟೆ.

ಬೊಡಿಲ್? ಇದ್ದಾಳೆ, ಮೂರು ಮನೆ ಆಚೆ. ಕಣ್ಣು ಮಂಜು.
ಅವಳಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.
ಹೋಗುವಾಗ ಬಾಗಿಲು ಗಟ್ಟಿಯಾಗಿ ಎಳೆದುಕೊಳ್ಳಿ.
ಮರಳು ಒಳಗೆ ಬರುತ್ತದೆ.